ಮುಯ್ಯಿಗೊಂದು ಪುಸ್ತಕ

ಹೊಸಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನಾನೂ ನಮ್ಮ ಮನೆಯವರೂ ಔಷಧಿ ಅಂಗಡಿ ನಡೆಸುತ್ತೇವೆ. ಯಾರಾದರೂ ಜ್ವರಕ್ಕೆ ಮಾತ್ರೆ ಕೇಳಿದರೆ ಮಾತ್ರೆ ಕೊಡುತ್ತೇನೆ, ಜೊತೆಗೆ ಒಂದು ಪುಸ್ತಕದ ಹೆಸರನ್ನೂ ಹೇಳಿ ಕಳಿಸುತ್ತೇನೆ. ಹೇಗೂ ಮಲಗಿರಬೇಕಾದವರು, ಓದಲು ಇದಕ್ಕಿಂತ ಒಳ್ಳೆಯ ಕಾಲ ಇನ್ನೆಲ್ಲಿ ಸಿಗುತ್ತದೆ? ಊಟವಾದ ಮೇಲೆ ಮಾತ್ರೆ ತೆಗೆದುಕೊಳ್ಳಿ ಎಂದರೆ ಭಕ್ತಿಯಿಂದ ತಲೆಯಾಡಿಸುವ ಜನ, ಮಾತ್ರೆಯಾದ ಮೇಲೆ ಹತ್ತು ಪುಟ ಓದಿ ಎಂದರೆ ಚಿಲ್ಲರೆ ಇಸಿದುಕೊಳ್ಳುವುದನ್ನೂ ಮರೆತು ಹೊರಡುತ್ತಾರೆ.

“ಲೇ, ಮೊದ್ಲ ಜ್ವರಾ ಬಂದು ಸಾಯಾಕ ಹತ್ತಿರ್ತಾರ, ಅದರ ಮ್ಯಾಲ ನಿಂದೊಂದು ಯಾಕ?” ಎನ್ನುತ್ತಾರೆ ನಮ್ಮ ಮನೆಯವರು. ಅವರು ಓದುವುದು ಡಬ್ಬಿಯ ಮೇಲಿನ ಎಕ್ಸ್‌ಪೈರಿ ತಾರೀಖನ್ನು ಮಾತ್ರ. ಅದನ್ನು ಬಹಳ ಶ್ರದ್ಧೆಯಿಂದ, ಕನ್ನಡಕ ಏರಿಸಿ ಓದುತ್ತಾರೆ.

ನನ್ನ ಸಂಕಟ ಅವರಿಗೆ ಹೇಗೆ ಗೊತ್ತಾಗಬೇಕು! ಒಂದು ಒಳ್ಳೆಯ ಪುಸ್ತಕ ಮುಗಿಸಿದ ದಿನ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಅದರೊಳಗಿನವರ ಬಗ್ಗೆ ಯಾರ ಜೊತೆಗಾದರೂ ಮಾತಾಡಬೇಕು, ಸಾಧ್ಯವಾದರೆ ಜಗಳವಾಡಬೇಕು. ಈ ಊರಿನಲ್ಲಿ ಕ್ರಿಕೆಟ್ಟಿನ ಬಗ್ಗೆ ಜಗಳಕ್ಕೆ ಬೀದಿ ತುಂಬ ಜನ ಸಿಗುತ್ತಾರೆ, ಸಿನಿಮಾದ ಬಗ್ಗೆ ಆಟೋ ನಿಲ್ಲಿಸಿ ಜಗಳಕ್ಕೆ ಬರುತ್ತಾರೆ. ಪುಸ್ತಕದ ಬಗ್ಗೆ ಜಗಳವಾಡಲು ನನಗೆ ಒಬ್ಬರೂ ಇರಲಿಲ್ಲ. ಒಬ್ಬರು ಸಾಕಿತ್ತು, ಹೆಚ್ಚೇನೂ ಕೇಳಿರಲಿಲ್ಲ.

ಹಾಗಾಗಿ ಮುಯ್ಯಿಗೆ ಕೈ ಹಾಕಿದೆ. ನಮ್ಮ ಕಡೆ ಮದುವೆ, ಗೃಹಪ್ರವೇಶಗಳಲ್ಲಿ ಬಂಧುಗಳು ಮುಯ್ಯಿ ಮಾಡುತ್ತಾರೆ. ಯಾರು ಏನು ಕೊಟ್ಟರೆಂದು ಮೈಕಿನಲ್ಲಿ ಕೂಗಿ ಹೇಳುತ್ತಾರೆ. ಇಸಿದುಕೊಂಡವರು ಅದನ್ನು ನೆನಪಿಟ್ಟು, ಕೊಟ್ಟವರ ಮನೆಯ ಕಾರ್ಯದಲ್ಲಿ ಅಂಥದ್ದನ್ನೇ ತಿರುಗಿ ಕೊಡುತ್ತಾರೆ. ಕೊಡ ಕೊಟ್ಟವರಿಗೆ ಕೊಡ, ಸೀರೆ ಕೊಟ್ಟವರಿಗೆ ಸೀರೆ. ಹಿತ್ತಾಳೆ ಕೊಟ್ಟವರಿಗೆ ಸ್ಟೀಲು ಕೊಟ್ಟು ವರ್ಷಗಟ್ಟಲೆ ಮಾತು ಬಿಟ್ಟ ಮನೆಗಳು ನಮ್ಮ ಬಳಗದಲ್ಲೇ ಇವೆ. ಮುಯ್ಯಿ ಬೇಡವೆಂದು ಯಾರೂ ಹೇಳುವಂತಿಲ್ಲ. ಇಷ್ಟು ಒಳ್ಳೆಯ ದಾರಿ ನನಗೆ ಮೊದಲೇ ಯಾಕೆ ಹೊಳೆಯಲಿಲ್ಲವೆಂದು ನನ್ನನ್ನೇ ಬೈದುಕೊಂಡೆ.

ಮುಯ್ಯಿಗೆ ಕಣ್ಣು ಮುಚ್ಚಿ ಯಾವುದೋ ಒಂದು ಪುಸ್ತಕ ಕೊಟ್ಟವಳಲ್ಲ ನಾನು. ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸುವ ಮದುಮಗನಿಗೆ, ದಿನಾ ಅದೇ ಗುಡ್ಡ ಅದೇ ಕೆಂಪು ಧೂಳು ನೋಡುವವನೆಂದು, ಹಿಮದ ನಾಡಿನ ಪ್ರವಾಸದ ಪುಸ್ತಕ. ಕಮಲಾಪುರದ ಬಾಳೆತೋಟದವರಿಗೆ ಹಕ್ಕಿಗಳ ಪುಸ್ತಕ. ಹಂಪಿಯಲ್ಲಿ ಗೈಡ್ ಆಗಿರುವ ನನ್ನ ಅಕ್ಕನ ಮಗನಿಗೆ ನಗೆಬರಹ, ರಾಜರ ಕಥೆ ಹೇಳಿ ಹೇಳಿ ಸುಸ್ತಾದವನು ಸ್ವಲ್ಪ ನಗಲಿ ಎಂದು. ಎಲ್ಲದರ ಮೊದಲ ಪುಟದಲ್ಲೂ ‘ಪ್ರೀತಿಯಿಂದ’ ಎಂದು ಬರೆದು ರುಜು ಹಾಕಿದೆ.

ಕಂಪ್ಲಿಯಲ್ಲಿ ನನ್ನ ನಾದಿನಿಯ ಮಗನ ಮದುವೆ. ನಾದಿನಿ ಎಂದರೆ ನಮ್ಮ ಮನೆಯವರ ಚಿಕ್ಕಪ್ಪನ ಮಗಳು. ಗದ್ದೆ, ಆಳುಕಾಳು, ಗಂಡ ಎಲ್ಲರನ್ನೂ ಒಂದೇ ದನಿಯಲ್ಲಿ ನಡೆಸುವವಳು. ಅವಳ ಮನೆಗೆ ನನಗೆ ಪ್ರಾಣವಾದ ಒಂದು ಕಾದಂಬರಿಯನ್ನೇ ಕೊಟ್ಟೆ. ಗಂಡನ ಮನೆಯ ಕಾಟ ತಾಳದ ಹೆಂಗಸೊಬ್ಬಳು ಹರಿಗೋಲು ಹತ್ತಿ ಹೊಳೆ ದಾಟಿ ಹೋಗುತ್ತಾಳೆ, ಕೊನೆಯಲ್ಲಿ ತಿರುಗಿ ಬರುತ್ತಾಳೆ. ಮೈಕಿನವನು ಕಾಗದ ಬಿಚ್ಚಿ, “ಹೊಸಪೇಟಿ ಮೆಡಿಕಲ್ ಶಾಪಿನೋರಿಂದ... ಒಂದು ಪುಸ್ತಕ” ಎಂದ. ಆಮೇಲೆ ಮೈಕಿಗೆ ಕೈ ಅಡ್ಡ ಹಿಡಿದು, “ಇಷ್ಟೇನ್ರಿ?” ಎಂದು ನನ್ನನ್ನು ಕೇಳಿದ. ಕೈಯನ್ನು ಸರಿಯಾಗಿ ಹಿಡಿದಿರಲಿಲ್ಲ. ಇಡೀ ಛತ್ರಕ್ಕೆ ಕೇಳಿಸಿತು. ನಾದಿನಿ ನನ್ನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿ ಊಟದ ಪಂಕ್ತಿಯ ಕಡೆ ಹೋದಳು. ಆ ಪುಸ್ತಕದ ಸುದ್ದಿಯನ್ನು ನಾನು ಮತ್ತೆ ಅವಳ ಹತ್ತಿರ ಎತ್ತಲಿಲ್ಲ.

ಉಳಿದವರನ್ನು ಮಾತ್ರ ಬಿಡಲಿಲ್ಲ. ಸಂಡೂರಿನ ಮದುಮಗನ ತಾಯಿ ಬಿಪಿ ಮಾತ್ರೆಗೆ ಬಂದಾಗಲೆಲ್ಲ ಓದಿದಿರಾ ಎಂದು ಕೇಳುತ್ತಿದ್ದೆ. “ಶೋಕೇಸಿನಾಗ ಇಟ್ಟೀವ್ರಿ, ಭಾಳ ಚಂದ ಕಾಣತೈತಿ” ಎನ್ನುತ್ತಿದ್ದರು. ಕಮಲಾಪುರದವರು ಟೈಮಿಲ್ರೀ ಎನ್ನುತ್ತಿದ್ದರು. ಅಕ್ಕನ ಮಗನಂತೂ ಹಂಪಿ ಬಜಾರಿನಲ್ಲಿ ನಾನು ಕಂಡರೆ ಪ್ರವಾಸಿಗರನ್ನು ನಡುರಸ್ತೆಯಲ್ಲೇ ಬಿಟ್ಟು ಕಲ್ಲುಕಂಬದ ಹಿಂದೆ ಸರಿಯುತ್ತಿದ್ದ. ಪ್ರವಾಸಿಗರು ಆ ಕಂಬಕ್ಕೇನೋ ವಿಶೇಷವಿದೆ ಎಂದು ಅದರ ಫೋಟೋ ತೆಗೆದುಕೊಳ್ಳುತ್ತಿದ್ದರು.

ಹೋದ ವರ್ಷ ನಮ್ಮ ಹೊಸ ಮನೆಯ ಗೃಹಪ್ರವೇಶವಾಯಿತು. ಊಟಕ್ಕೆ ಮೊದಲು ಮುಯ್ಯಿ ಶುರುವಾಯಿತು. “ಸಂಡೂರಿನೋರಿಂದ ಒಂದು ಪುಸ್ತಕ!” ಎಂದ ಮೈಕಿನವನು. ನನ್ನ ಕಿವಿಯನ್ನು ನಾನೇ ನಂಬಲಿಲ್ಲ. “ಕಮಲಾಪುರದೋರಿಂದ ಒಂದು ಪುಸ್ತಕ!” ನಾನು ಎದ್ದು ನಿಂತೆ. “ಹಂಪಿಯೋರಿಂದ ಒಂದು ಪುಸ್ತಕ!” ಕಣ್ಣಲ್ಲಿ ನೀರೇ ಬಂತು. ನನ್ನ ಬಳಗವನ್ನು ನಾನೇ ತಿದ್ದಿಬಿಟ್ಟೆನಲ್ಲ ಎಂದು ಎದೆಯುಬ್ಬಿಸಿ ನಮ್ಮ ಮನೆಯವರ ಮುಖ ನೋಡಿದೆ. ಅವರು ಆಗಲೇ ಒಂದು ಪುಸ್ತಕವನ್ನು ಕೈಗೆತ್ತಿಕೊಂಡು ಮೊದಲ ಪುಟ ತೆರೆದಿದ್ದರು. ಅಲ್ಲಿ ನನ್ನ ರುಜು ಇತ್ತು.

ಎಲ್ಲವೂ ನಾನು ಕೊಟ್ಟ ಪುಸ್ತಕಗಳೇ. ಪುಸ್ತಕ ಕೊಟ್ಟವರಿಗೆ ಪುಸ್ತಕವನ್ನೇ ತಿರುಗಿ ಕೊಡಬೇಕು, ತಪ್ಪಿದರೆ ಮರ್ಯಾದೆ ಹೋಗುತ್ತದೆ. ಹೊಸದನ್ನು ಎಲ್ಲಿ ಹುಡುಕುವುದು, ಇವಳಿಗೆ ಯಾವುದು ಸೇರುತ್ತದೋ ಯಾರಿಗೆ ಗೊತ್ತು? ಹಾಗಾಗಿ ಎಲ್ಲರೂ ಬೇರೆ ಬೇರೆ ಮನೆಗಳಲ್ಲಿ ಕೂತು ಒಂದೇ ಉಪಾಯ ಹೂಡಿದ್ದರು. ಸಂಡೂರಿನ ತಾಯಿ ನನ್ನ ಕೈ ಹಿಡಿದು, “ಒಂದು ಹಾಳೀನೂ ಮಡಚಿಲ್ರಿ. ನೀವು ಹೆಂಗ ಕೊಟ್ಟಿದ್ರೋ ಹಂಗ ಐತಿ” ಎಂದರು. ಅವರ ಮುಖದಲ್ಲಿ ಜೋಪಾನ ಮಾಡಿದ ಹೆಮ್ಮೆ ಇತ್ತು.

“ಎಲ್ಲಾ ರಿಟರ್ನ್ ಮಾಲು! ಪುಣ್ಯಾಕ ಎಕ್ಸ್‌ಪೈರಿ ಆಗಿಲ್ಲ” ಎಂದು ನಮ್ಮ ಮನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಅಡುಗೆಮನೆಗೆ ಹೋಗಿ, ಬೆಳಿಗ್ಗೆ ಹಾಲು ಉಕ್ಕಿಸಿದ ಒಲೆಯ ಮುಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡೆ. ಇಷ್ಟು ವರ್ಷ ನಾನು ಗೋಡೆಯ ಜೊತೆ ಮಾತಾಡುತ್ತಿದ್ದೆ ಎನ್ನಿಸಿತು.

ಅಷ್ಟರಲ್ಲಿ ಕಂಪ್ಲಿಯ ನಾದಿನಿ ಬಂದಳು. ಬಸ್ಸು ತಡವಾಗಿತ್ತಂತೆ. ಯಾರೊಂದಿಗೂ ಮಾತಾಡದೆ ಸೀದಾ ಅಡುಗೆಮನೆಗೇ ನುಗ್ಗಿ, ಪೇಪರಿನಲ್ಲಿ ಸುತ್ತಿದ ಒಂದು ಪುಸ್ತಕವನ್ನು ಕಟ್ಟೆಯ ಮೇಲಿಟ್ಟಳು.

“ಇನ್ನೊಂದು ವಾಪಸ್ ಬಂತೇನು?” ಎಂದೆ. ದನಿ ಸ್ವಲ್ಪ ಒರಟಾಗಿಯೇ ಬಂತು.

“ನೀವು ಕೊಟ್ಟಿದ್ದಲ್ಲ ಅತ್ತಿಗಿ. ಅದನ್ನ ಕೊಡಾಕ ಬರಂಗಿಲ್ಲ. ಮೊದ್ಲ ಸೊಸಿ ಓದಿದ್ಲು, ಆಮ್ಯಾಲ ನಾನು. ಸೊಸಿ ತವರುಮನಿ ಕುರೆಕುಪ್ಪಕ್ಕ ಒಯ್ದಳು, ಅಲ್ಲಿ ಮಂದಿಯೆಲ್ಲಾ ಓದಿದ್ರು. ತಿರುಗಿ ಬರೂದ್ರಾಗ ರಟ್ಟು ಕಿತ್ತು ಹೋಗಿತ್ತು. ಮುಯ್ಯಿಗೆ ಹರಕ ಪುಸ್ತಕ ಕೊಡಾಕ ಆಗತೈತೇನು? ಅದಕ್ಕ ಬ್ಯಾರೆ ತಂದೀನಿ.” ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಅದಿರ್ಲಿ. ಆಕಿ ಯಾಕ ವಾಪಸ್ ಬಂದ್ಲು?”

“ಯಾರು?”

“ಹೊಳಿ ದಾಟಿ ಹೋದಾಕಿ! ಇದನ್ನ ಕೇಳೂಣಂತ ನಿಮ್ಮ ಮನಿ ಕಾರ್ಯ ಯಾವಾಗ ಬರತೈತೋ ಅಂತ ಕಾಯಾಕ ಹತ್ತೀನಿ. ಫೋನಿನ್ಯಾಗ ಬೈದ್ರ ಸಮಾಧಾನ ಆಗಂಗಿಲ್ಲ.”

“ಮಗಳ ಸಲುವಾಗಿ ಬಂದ್ಲು” ಎಂದೆ.

“ಮಗಳನ್ನೂ ಕರಕೊಂಡ ಹೋಗಬೇಕಿತ್ತು! ಹರಿಗೋಲಿನ್ಯಾಗ ಜಾಗ ಇರಲಿಲ್ಲೇನು?”

“ಹೊಳಿ ತುಂಬಿತ್ತಲ್ಲ!”

“ತಾನು ಹೋಗಾಕ ತುಂಬಿರಲಿಲ್ಲ, ಮಗಳಿಗೆ ಮಾತ್ರ ತುಂಬಿತ್ತೇನು? ಸುಮ್ನಿರ್ರಿ ಅತ್ತಿಗಿ.”

ನಾನು ಸುಮ್ಮನಿರಲಿಲ್ಲ. ಇಬ್ಬರ ದನಿಯೂ ಏರಿತು. ಪಂಕ್ತಿಯಲ್ಲಿ ಕೂತಿದ್ದವರು ಊಟ ಬಿಟ್ಟು ಬಾಗಿಲಿಗೆ ಬಂದರು. “ಯಾರ ಮನಿ ಸೊಸಿರೀ ಆಕಿ?” ಎಂದು ಒಬ್ಬರು ಪಿಸುಗುಟ್ಟಿದರು. ಸಂಡೂರಿನ ತಾಯಿ ಪೂರ್ತಿ ಕೇಳಿಸಿಕೊಳ್ಳದೆಯೇ, “ಹೆಣ್ಣು ಹುಡುಗೀನ ಬಿಟ್ಟು ಹೋಗಬಾರ್ದಿತ್ತು, ಬಂದಿದ್ದ ಚಲೋ ಆತು” ಎಂದು ನನ್ನ ಪಕ್ಷ ವಹಿಸಿದರು. ಬಾಳೆತೋಟದವರು ನಾದಿನಿಯ ಪಕ್ಷ ಸೇರಿದರು. “ಹಿರ್ಯಾರನ್ನ ಕೂಡಿಸಿ ಪಂಚಾಯ್ತಿ ಮಾಡಬೇಕಿತ್ತು” ಎಂದವರೂ ಇದ್ದರು. ಅದು ಕಾದಂಬರಿಯೆಂದು ಹೇಳಲು ನಮ್ಮಿಬ್ಬರಿಗೂ ಪುರಸೊತ್ತಿರಲಿಲ್ಲ. ಹೋಳಿಗೆ ಆರಿ ಹೋಯಿತು. ನಮ್ಮ ಮನೆಯವರು ಕೈಮುಗಿದು ಎಲ್ಲರನ್ನೂ ಮತ್ತೆ ಪಂಕ್ತಿಗೆ ಕೂರಿಸಿದರು.

ಹೊರಡುವಾಗ ನಾದಿನಿ ತಾನು ತಂದ ಪುಸ್ತಕವನ್ನು ನನ್ನ ಕೈಗಿಟ್ಟಳು. “ಓದೇ ತಂದೀನಿ. ನೀವೂ ಓದ್ರಿ.”

ದಪ್ಪ ಪುಸ್ತಕ. ಕೆಲವು ಪುಟಗಳ ಮೂಲೆ ಮಡಚಿತ್ತು, ಒಂದು ಕಡೆ ಅರಿಶಿಣದ ಬೆರಳಿನ ಗುರುತೂ ಇತ್ತು. ಮನೆ ತುಂಬ ನೆಂಟರು, ತೊಳೆಯಬೇಕಾದ ಪಾತ್ರೆಗಳ ರಾಶಿ. “ಟೈಮ್ ಸಿಕ್ಕಾಗ ಓದ್ತೀನಿ” ಎಂದು ನನ್ನ ಬಾಯಿಂದಲೇ ಬಂದುಬಿಟ್ಟಿತು.

“ಟೈಮು ತಾನಾಗೇ ಸಿಗಂಗಿಲ್ಲ. ಸೋಮವಾರ ಫೋನ್ ಮಾಡ್ತೀನಿ” ಎಂದು ಹೇಳಿ ಅವಳು ಬಸ್ಸಿಗೆ ನಡೆದಳು.

ಸೋಮವಾರ ನಾನು ಅಂಗಡಿಯಲ್ಲಿ ಎದುರಿಗೆ ನಿಂತವರನ್ನೂ ನೋಡದೆ ಓದುತ್ತಿದ್ದೆ. ಇದರಲ್ಲೊಬ್ಬ ಹಟಮಾರಿ ಮುದುಕ, ಮಕ್ಕಳನ್ನು ಹಿಂಡಿ ಹಿಪ್ಪೆ ಮಾಡುವವನು. ಅವನ ಮೇಲೆ ನನಗೆ ರಕ್ತ ಕುದಿಯುತ್ತಿತ್ತು. ಫೋನ್ ಬಂದ ಕೂಡಲೇ, “ಆ ಮುದುಕನ್ನ ಯಾರೂ ಏನೂ ಅನ್ನಂಗಿಲ್ಲೇನು?” ಎಂದೆ.

“ಎಲ್ಲಿಗೆ ಬಂದೀರಿ?”

“ಅರ್ಧಕ್ಕ.”

“ಅರ್ಧಕ್ಕ ಬಂದು ನ್ಯಾಯ ಹೇಳ್ತೀರೇನು? ಮುಂದ ಓದ್ರಿ ಮೊದ್ಲ!” ಎಂದು ಗದರಿ ನಾದಿನಿ ಫೋನ್ ಇಟ್ಟೇಬಿಟ್ಟಳು. ಎಷ್ಟು ಸಂತೋಷವಾಯಿತೆಂದರೆ, ಜ್ವರದ ಮಾತ್ರೆಗೆ ಕೈಚಾಚಿ ನಿಂತಿದ್ದವರಿಗೆ ಇನ್ನೆರಡು ಪುಟ ತಡೆಯಿರಿ ಎಂದೆ.