ತಟ್ಟೆಯಲ್ಲಿ ಬಂದ ಟರ್ಬೊ

ಇಂಜಿನ್ನಿಗೆ ಭಾಗಗಳನ್ನು ಆರಿಸುವವರು ಮೊದಲು ರಸ್ತೆಯನ್ನು ನೋಡಬೇಕು, ಕ್ಯಾಟಲಾಗನ್ನಲ್ಲ. ದಕ್ಷಿಣ ಕೆರೊಲಿನಾದ ಒಂದು ಲಾರಿ ಇಂಜಿನ್ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ನಿವೃತ್ತಿಯವರೆಗೂ ನಾನು ಮಾಡಿದ್ದು ಇಷ್ಟೇ: ಈ ಇಂಜಿನ್ ಎಲ್ಲಿ ಓಡುತ್ತದೆ, ಏನು ಹೊರುತ್ತದೆ, ಎಷ್ಟು ಹೊತ್ತು ಹೊರುತ್ತದೆ ಎಂದು ಮೊದಲು ಕೇಳುವುದು, ಆಮೇಲೆ ಬೋಲ್ಟಿಗೆ ಕೈ ಹಾಕುವುದು. ಹುಡುಗಿಯರ ಹಾಸ್ಟೆಲಿನಲ್ಲಿ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ದೀಪ ಆರಿಸಿ ಬೆಳೆದವಳು ನಾನು. ಕ್ರಮ ನನಗೆ ಭಾರವೆನಿಸಿದ್ದೇ ಇಲ್ಲ. ಕ್ರಮವಿಲ್ಲದವರು ಭಾರವೆನಿಸಿದ್ದಾರೆ.

ಎರಡು ಸಾವಿರದ ಇಪ್ಪತ್ತೊಂದರ ವಸಂತದಲ್ಲಿ ತಮ್ಮ ಫೋನ್ ಮಾಡಿದ. ಅವನು ಅಟ್ಲಾಂಟಾದ ಉತ್ತರಕ್ಕೆ ಜಾನ್ಸ್ ಕ್ರೀಕ್‌ನಲ್ಲಿದ್ದಾನೆ. ಮಕ್ಕಳ ಡಾಕ್ಟರಾಗಿ ಆ ಭಾಗದ ಅರ್ಧಕ್ಕರ್ಧ ಕನ್ನಡದ ಮನೆಗಳ ಮಕ್ಕಳನ್ನು ಅವನೇ ನೋಡಿದವನು. ಅವನ ಗರಾಜಿನಲ್ಲಿ ಒಂದು ಹಳೆಯ ಜಪಾನಿ ಕಾರಿತ್ತು. ಎರಡು ಬಾಗಿಲು, ಸಾಲಾಗಿ ಆರು ಸಿಲಿಂಡರು. ಅದರ ಮೇಲೆ ಹೊದಿಕೆ ಹಾಕಿ ವರ್ಷಗಟ್ಟಲೆ ಆಗಿತ್ತು.

ಅವನ ಕಣ್ಣಿನ ವಿಷಯ ನನಗೆ ಗೊತ್ತಿತ್ತು. ನೋಟದ ನಡುಭಾಗವೇ ಮಸುಕಾಗುತ್ತಾ ಹೋಗುವ ಕಾಯಿಲೆ. ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣು ಇರುವಷ್ಟು ದಿನ ಹಗಲಿನಲ್ಲಿ ಓಡಿಸಬಹುದು, ಬಹುಶಃ ಇನ್ನೊಂದು ವರ್ಷ ಎಂದು ಅವನ ಕಣ್ಣಿನ ಡಾಕ್ಟರು ಹೇಳಿದ್ದರು.

"ಇಡೀ ಜನ್ಮ ಸ್ಪೀಡ್ ಲಿಮಿಟ್‌ನಲ್ಲೇ ಹೋದೆ ಅಕ್ಕ," ಅಂದ. "ಒಂದು ಸಲ ಬೆನ್ನು ಸೀಟಿಗೆ ಅಂಟ್ಕೊಳ್ಳೋ ಹಾಗೆ ಓಡಿಸ್ಬೇಕು. ಕಣ್ಣು ಇರೋವಾಗ್ಲೇ. ನೀನು ಇಂಜಿನ್ ಕಟ್ಟಿಕೊಡ್ತೀಯಾ?"

ಆ ಶುಕ್ರವಾರವೇ ಹೊರಟೆ.

ಮೊದಲು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನು ಓಡಿಸುವ ರಸ್ತೆಗಳನ್ನೆಲ್ಲ ನನ್ನ ಗಾಡಿಯಲ್ಲಿ ಸುತ್ತಿದೆ. ಸಿಗ್ನಲ್ಲು, ಸ್ಕೂಲ್ ಬಸ್ಸು, ಮತ್ತೆ ಸಿಗ್ನಲ್ಲು. ಹೆದ್ದಾರಿಗೆ ಸೇರುವ ರ‍್ಯಾಂಪ್ ಒಂದೇ ಅವನು ಮನಸಾರೆ ತುಳಿಯಬಹುದಾದ ಜಾಗ. ಆ ರ‍್ಯಾಂಪಿಗೆ ತಕ್ಕ ಇಂಜಿನ್ ಕಟ್ಟಬೇಕು ಎಂದು ತೀರ್ಮಾನಿಸಿದೆ.

ಟರ್ಬೊ ಎಂದರೆ ಇಂಜಿನ್ನಿನಿಂದ ಹೊರಬರುವ ಹೊಗೆಯ ಬಲದಿಂದಲೇ ತಿರುಗುವ ಚಕ್ರ. ಅದು ಗಾಳಿಯನ್ನು ಒತ್ತಿ ಮತ್ತೆ ಇಂಜಿನ್ನಿಗೆ ತುಂಬುತ್ತದೆ. ಚಕ್ರ ದೊಡ್ಡದಾದಷ್ಟು ಕೊನೆಗೆ ಸಿಗುವ ಶಕ್ತಿ ಹೆಚ್ಚು, ಆದರೆ ಅದು ಎಚ್ಚರಗೊಳ್ಳುವುದೇ ತಡ. ನಾನು ಮಧ್ಯಮ ಗಾತ್ರದ್ದನ್ನು ಆರಿಸಿದೆ. ಇಂಜಿನ್ ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವಷ್ಟರಲ್ಲೇ ಎದ್ದು ಕೂರುವಂಥದ್ದು. ಅದರ ಒತ್ತಡ ತಾಳುವಂತೆ ಬಡಿದು ಮಾಡಿದ ಪಿಸ್ಟನ್ನು, ಕನೆಕ್ಟಿಂಗ್ ರಾಡು, ಸಿಲಿಂಡರ್ ಹೆಡ್ಡನ್ನು ಬಿಗಿಯಾಗಿ ಹಿಡಿಯುವ ಸ್ಟಡ್ಡುಗಳು, ಪದರ ಪದರದ ಉಕ್ಕಿನ ಗ್ಯಾಸ್ಕೆಟ್ಟು. ಎಲ್ಲ ಬಂಕಿನಲ್ಲೂ ಸಿಗುವ ಪೆಟ್ರೋಲಿಗೆ ಸರಿಹೋಗುವ ಇಂಜೆಕ್ಟರು. ಮತ್ತೆ, ನೋಯುವ ಅವನ ಎಡಮಂಡಿ ತುಳಿಯಬಲ್ಲ ಕ್ಲಚ್ಚು. ಲೆಕ್ಕ ಹಾಕಿದರೆ ಐನೂರು ಹಾರ್ಸ್‌ಪವರ್ ಹತ್ತಿರ ಬರುತ್ತಿತ್ತು. ಯಾವ ಭಾಗವೂ ಇನ್ನೊಂದಕ್ಕಿಂತ ಮುಂದೆ ಓಡುವಂತಿರಲಿಲ್ಲ. ಆ ವರ್ಷ ಸಾಮಾನು ಸಿಗುವುದೇ ಕಷ್ಟ, ಆದರೂ ಬೇಸಿಗೆಯ ಹೊತ್ತಿಗೆ ಬಹುಪಾಲು ಬಂದಿತ್ತು. ಇಂಜಿನ್ ಬ್ಲಾಕು ವರ್ಕ್‌ಶಾಪಿನಲ್ಲಿ ಸಿಲಿಂಡರು ಕೊರೆಸಿಕೊಂಡು ಸಿದ್ಧವಾಗಿ ಕೂತಿತ್ತು. ಶರತ್ಕಾಲದಲ್ಲಿ, ಎಲೆ ಕೆಂಪಾಗುವಾಗ, ಅವನು ಓಡಿಸಬಹುದಿತ್ತು.

ಅಷ್ಟರಲ್ಲಿ ಅವನಿಗೆ ಎಪ್ಪತ್ತು ತುಂಬಿತು.

ದೇವಸ್ಥಾನದ ಹಾಲಿನಲ್ಲಿ ಭೀಮರಥ ಶಾಂತಿ. ಎಷ್ಟೋ ತಿಂಗಳು ಮನೆಯಲ್ಲೇ ಕೂತಿದ್ದ ಜನ, ಮಾಸ್ಕು ಗಲ್ಲಕ್ಕೆ ಇಳಿಸಿಕೊಂಡು, ತುಂಬಿಹೋಗಿದ್ದರು. ಹೋಮ ಮುಗಿದು ಊಟಕ್ಕೆ ಏಳುವ ಮುಂಚೆ ಪ್ರತಿ ಶನಿವಾರ ತಮ್ಮನ ಮನೆಗೆ ಕಾಫಿಗೆ ಬರುವ ಗೆಳೆಯರು ಗುಂಪಾಗಿ ವೇದಿಕೆ ಹತ್ತಿದರು. ಅವರ ಮುಂದಾಳು ಒಬ್ಬ ಸಾಫ್ಟ್‌ವೇರ್ ಮ್ಯಾನೇಜರು, ನಲವತ್ತು ದಾಟಿದವನು. ಅವನ ಎರಡು ಮಕ್ಕಳೂ ತಮ್ಮನ ಕೈಯಲ್ಲೇ ಚುಚ್ಚುಮದ್ದು ಹಾಕಿಸಿಕೊಂಡು ಬೆಳೆದವು. ಅವನ ಕೈಯಲ್ಲಿ ಬೆಳ್ಳಿ ತಟ್ಟೆ. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ಮಧ್ಯದಲ್ಲಿ ಅರಿಶಿನ ಕುಂಕುಮ ಹಚ್ಚಿದ ಒಂದು ಟರ್ಬೊ. ಅನಾನಸು ಹಣ್ಣಿನಷ್ಟು ದಪ್ಪ. ಎಲ್ಲರೂ ಚಪ್ಪಾಳೆ ತಟ್ಟಿದರು. ಪುರೋಹಿತರು ಸಹ ಅಕ್ಷತೆ ಹಾಕಿದರು.

ದೂರದಿಂದ ನೋಡಿದರೇ ತಿಳಿಯಿತು, ಅದು ರೇಸ್ ಟ್ರ್ಯಾಕಿನಲ್ಲಿ ಉದ್ದಕ್ಕೂ ತುಳಿದೇ ಇರುವ ಗಾಡಿಗಳಿಗೆ ಹಾಕುವಂಥದ್ದು. ಐದು ಸಾವಿರ ಸುತ್ತು ದಾಟುವವರೆಗೆ ಅದು ಮಲಗಿಯೇ ಇರುತ್ತದೆ.

ಪಂಕ್ತಿಯಲ್ಲಿ ಪಕ್ಕ ಕೂತ ಮ್ಯಾನೇಜರಿಗೆ ಮೆತ್ತಗೆ ಹೇಳಿದೆ, ಇದು ದೊಡ್ಡದಾಯಿತಪ್ಪ, ಈ ಗಾಡಿ ಓಡುವ ರಸ್ತೆಗೆ ಹೊಂದುವುದಿಲ್ಲ ಎಂದು.

"ಆಂಟಿ, ನೀವು ವರ್ಕ್ ಮಾಡಿದ್ದು ಲಾರಿ ಇಂಜಿನ್ ಅಲ್ವಾ?" ಅಂದ ನಗುತ್ತಾ. "ಇದು ಸ್ಪೋರ್ಟ್ಸ್ ಕಾರು. ಒಂಬೈನೂರು ಹಾರ್ಸ್‌ಪವರ್ ಕೊಡುತ್ತೆ. ಅಂಕಲ್‌ಗೆ ಕಡಿಮೆ ಮಾಡೋಕಾಗುತ್ತಾ?"

"ಲಾರಿ ಭಾರ ಎಳ್ಕೊಂಡು ಬೆಟ್ಟ ಹತ್ಬೇಕಪ್ಪ," ಅಂದೆ. "ನಿಮ್ಮ ಅಂಕಲ್ ಮನೆಗೆ ಮೊಸರು ತರಬೇಕು."

ಸುತ್ತ ಇದ್ದವರು ನಕ್ಕರು. ಅವನೂ ನಕ್ಕು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದ.

ಮಾರನೆಯ ಬೆಳಿಗ್ಗೆ ಗರಾಜಿನಲ್ಲಿ ತಮ್ಮನನ್ನು ನಿಲ್ಲಿಸಿಕೊಂಡು ಇದನ್ನು ವಾಪಸ್ ಕಳಿಸು ಎಂದೆ. ಎಲ್ಲರೂ ಸೇರಿ ಪ್ರೀತಿಯಿಂದ ಕೊಟ್ಟಿದ್ದನ್ನು ಹೇಗೆ ಕಳಿಸುವುದು ಎಂದ. ಹಾಗಾದರೆ ಶೆಲ್ಫಿನ ಮೇಲಿಡು, ನನ್ನದನ್ನು ಹಾಕೋಣ ಎಂದೆ.

"ಪ್ರತಿ ಶನಿವಾರ ಬರ್ತಾರೆ ಅಕ್ಕ. ಬಾನೆಟ್ ಎತ್ತಿ ನೋಡ್ತಾರೆ. ಕೊಟ್ಟಿದ್ದನ್ನ ಹಾಕ್ಕೊಂಡಿಲ್ಲ ಅಂದ್ರೆ ಎಷ್ಟು ಬೇಜಾರಾಗಲ್ಲ ಅವರಿಗೆ?"

"ಓಡಿಸೋನು ನೀನು."

"ಹೊಂದಿಸೋಕೆ ಆಗಲ್ವಾ? ನೀನು ಮನಸ್ಸು ಮಾಡಿದ್ರೆ ಆಗುತ್ತೆ."

ನಮ್ಮ ಜನಕ್ಕೆ ದಾಕ್ಷಿಣ್ಯ ಒಂದು ಗುಣ ಎಂದು ಹೇಳುತ್ತಾರೆ. ನನ್ನ ಕಣ್ಣಿಗೆ ಅದು ಒಂದು ಕಾಯಿಲೆ. ಯಾರೋ ತಂದುಕೊಟ್ಟ ಸೀರೆ ಒಪ್ಪದಿದ್ದರೆ ಒಂದು ಸಲ ಉಟ್ಟು ಬೀರುವಿನಲ್ಲಿಡಬಹುದು. ಇಂಜಿನ್ನಿನಲ್ಲಿ ಹಾಗಾಗುವುದಿಲ್ಲ. ಒಂದು ಭಾಗ ಬದಲಾದರೆ ಅದರ ಸುತ್ತಲಿನ ಎಲ್ಲವೂ ಬದಲಾಗಬೇಕು.

ಹಾಗೇ ಆಯಿತು. ಆ ಟರ್ಬೊ ಹೊಗೆಯ ಕೊಳವೆಗಳು ಕೂಡುವ ಹಳೆಯ ಮ್ಯಾನಿಫೋಲ್ಡಿಗೆ ಕೂರಲಿಲ್ಲ, ಹೊಸದನ್ನು ವೆಲ್ಡ್ ಮಾಡಿಸಬೇಕಾಯಿತು. ಅಷ್ಟು ಗಾಳಿಗೆ ತಕ್ಕ ಪೆಟ್ರೋಲು ಚಿಮ್ಮಿಸಲು ನನ್ನ ಇಂಜೆಕ್ಟರು ಸಾಲಲಿಲ್ಲ. ಇಂಜೆಕ್ಟರು ದೊಡ್ಡದಾದ ಮೇಲೆ ಪೆಟ್ರೋಲ್ ಪಂಪು ಸಾಲಲಿಲ್ಲ. ಹೆಚ್ಚು ಸುತ್ತಿಗೆ ಓಡಬೇಕಾದ್ದರಿಂದ ವಾಲ್ವ್ ಸ್ಪ್ರಿಂಗು ಬದಲು, ಕ್ಯಾಮ್‌ಶಾಫ್ಟ್ ಬದಲು. ಕ್ಲಚ್ಚು ಜಾರುತ್ತದೆ ಎಂದು ಅದಕ್ಕಿಂತ ಗಡುಸಾದದ್ದು. ಹೊಸ ಕ್ಲಚ್ಚನ್ನು ತಮ್ಮ ಒಂದು ಸಲ ತುಳಿದು ನೋಡಿ ಮಂಡಿ ಹಿಡಿದುಕೊಂಡ. ಪರವಾಗಿಲ್ಲ, ಅಭ್ಯಾಸವಾಗುತ್ತದೆ ಎಂದ. ಒಂದೊಂದು ಭಾಗಕ್ಕೂ ತಿಂಗಳುಗಟ್ಟಲೆ ಕಾಯುವುದು. ಎಲೆ ಕೆಂಪಾಗಿ ಉದುರಿದವು. ಪ್ರತಿ ಶನಿವಾರ ಗೆಳೆಯರು ಬಂದು ಬಾನೆಟ್ ಎತ್ತಿ, ಟರ್ಬೊ ಜೊತೆ ಫೋಟೊ ತೆಗೆಸಿಕೊಂಡು, ಕಾಫಿ ಕುಡಿದು ಹೋಗುತ್ತಿದ್ದರು. ನಾನು ಕೈ ತೊಳೆದುಕೊಂಡು ಹಿಂದಿರುಗಬಹುದಿತ್ತು. ಆದರೆ ನಾನು ಬಿಟ್ಟರೆ ಅವನಿಗೆ ಇಂಜಿನ್ನೇ ಇರುವುದಿಲ್ಲ. ಆದ್ದರಿಂದ ಬಾಯಿ ಮುಚ್ಚಿಕೊಂಡು ಬೋಲ್ಟು ಬಿಗಿದೆ.

ಮುಂದಿನ ವರ್ಷದ ಬೇಸಿಗೆ ಕಳೆಯುವ ಹೊತ್ತಿಗೆ ಇಂಜಿನ್ ಓಡಲು ಸಿದ್ಧವಾಯಿತು. ಅದಕ್ಕೆ ಸ್ವಲ್ಪ ಮುಂಚೆ ಒಂದು ಬೆಳಿಗ್ಗೆ ತಮ್ಮ ನನ್ನ ಎದುರು ತಿಂಡಿಗೆ ಕೂತು, ಬಟ್ಟಲಿನ ಪಕ್ಕದಲ್ಲಿ, ಮೇಜಿನ ಮೇಲೆ, ಚಟ್ನಿ ಬಡಿಸಿಕೊಂಡ. ಅವನ ಹೆಂಡತಿ ಒರೆಸಿದಳು. ಆ ವಾರವೇ ಅವನು ಲೈಸೆನ್ಸು ಹಿಂದಿರುಗಿಸಿದ.

ಹಾಗಾಗಿ ಆ ಗಾಡಿಯನ್ನು ಮೊದಲು ರಸ್ತೆಗೆ ಇಳಿಸಿದವಳು ನಾನು. ಅವನು ಪಕ್ಕದಲ್ಲಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬೆನ್ನನ್ನು ಸೀಟಿಗೆ ಒತ್ತಿ, ಸಿದ್ಧನಾಗಿ ಕೂತಿದ್ದ. ರ‍್ಯಾಂಪಿನಲ್ಲಿ ತುಳಿದೆ. ಇಂಜಿನ್ ಕೂಗಿತು, ಗಾಡಿ ಮುದಿ ಎಮ್ಮೆಯ ಹಾಗೆ ಹೊರಟಿತು. ಸೂಜಿ ನಾಲ್ಕು ಸಾವಿರ ಮುಟ್ಟುವಷ್ಟರಲ್ಲಿ ರ‍್ಯಾಂಪು ಮುಗಿದು ಮುಂದೆ ಬ್ರೇಕ್ ಲೈಟುಗಳು. ಹೆದ್ದಾರಿಯಲ್ಲಿ ಎರಡು ಸಲ ಪ್ರಯತ್ನಿಸಿದೆ. ಅಷ್ಟು ಉದ್ದದ ಖಾಲಿ ಜಾಗ ಎಲ್ಲೂ ಸಿಗಲಿಲ್ಲ.

ಅವನು ಕೇಳಿದ, "ಬಂತಾ ಅಕ್ಕ?"

"ಇಲ್ಲ," ಅಂದೆ.

ಮನೆಯಲ್ಲಿ ಗೆಳೆಯರೆಲ್ಲ ಡ್ರೈವ್‌ವೇಯಲ್ಲೇ ಕಾಯುತ್ತಿದ್ದರು. ಹೇಗಿತ್ತು ಅಂಕಲ್ ಎಂದು ಮ್ಯಾನೇಜರ್ ಬಾಗಿಲು ತೆರೆದ. ತಮ್ಮ ಇಳಿಯುತ್ತಲೇ, ಸೂಪರಪ್ಪ, ಎದೆ ಮೇಲೆ ಯಾರೋ ಕೂತ ಹಾಗಾಯಿತು ಎಂದ. ಹೌದಲ್ವಾ ಅಕ್ಕ ಎಂದು ನನ್ನ ಕಡೆ ತಿರುಗಿದ.

"ಟರ್ಬೊ ಏಳಲೇ ಇಲ್ಲ," ಅಂದೆ. "ಈ ಊರಲ್ಲಿ ಏಳೋದೂ ಇಲ್ಲ."

ಮ್ಯಾನೇಜರ್, "ಆಂಟಿ ಲಾರಿ ಸ್ಪೀಡಲ್ಲಿ ಓಡಿಸಿರ್ತಾರೆ ಬಿಡಿ," ಅಂದ. ಎಲ್ಲರೂ ನಕ್ಕರು. ತಮ್ಮನೂ ನಕ್ಕ. ನನ್ನ ಮುಖ ಅವನಿಗೆ ಕಾಣುತ್ತಿರಲಿಲ್ಲ, ಅದು ನಿಜ. ಆದರೆ ನನ್ನ ದನಿ ಕೇಳಿಸಿತ್ತು. ಊಟಕ್ಕೆ ನಿಲ್ಲದೆ ಅಂದೇ ನನ್ನ ಊರಿಗೆ ಹೊರಟುಬಿಟ್ಟೆ.

ಈಗ ಆ ಗಾಡಿಯನ್ನು ಮ್ಯಾನೇಜರೇ ಓಡಿಸುತ್ತಾನೆ. ಭಾನುವಾರ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತಾನಂತೆ. ನಾನು ಕೇಳುವುದಿಲ್ಲ, ತಮ್ಮನೂ ಹೇಳುವುದಿಲ್ಲ. ಕಳೆದ ಚಳಿಗಾಲದಲ್ಲಿ ಮಾತ್ರ ಒಂದು ಸೋಮವಾರ ಅವನು ಫೋನ್ ಮಾಡಿ, ನಿನ್ನೆ ಬೆಳಿಗ್ಗೆ ಹೆದ್ದಾರಿ ಖಾಲಿ ಇತ್ತು, ಟರ್ಬೊ ಎದ್ದಿತು ಎಂದ.

"ಹೇಗಿತ್ತು?" ಕೇಳಿದೆ.

"ಭಯ ಆಯ್ತು ಅಕ್ಕ. ಎದುರಿಗೆ ಏನಿದೆ ಅಂತ ಕಾಣ್ತಿರ್ಲಿಲ್ಲ."

"ನಿಲ್ಸು ಅನ್ನಬಾರದಿತ್ತಾ?"

"ಪಾಪ, ಅಷ್ಟು ಖುಷಿಯಾಗಿ ಓಡಿಸ್ತಿದ್ದ," ಅಂದ ತಮ್ಮ.