ಅಕ್ಕನಿಗೆ ಕಾಣದ ಅರುಂಧತಿ

ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಪಾಠ ಮಾಡಿದವಳು ನಾನು. ಸುಳ್ಳು ಹೇಳುವ ಮಕ್ಕಳನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಬೆಂಚಿನ ಮೇಲೆ ನಿಲ್ಲಿಸಿದ್ದೇನೆ, ಅಪ್ಪ ಅಮ್ಮನನ್ನು ಕರೆಸಿ ಮಾನ ಕಳೆದಿದ್ದೇನೆ. ಅಂಥವಳು ನಿವೃತ್ತಿಯಾದ ಮೇಲೆ, ಜಯನಗರದ ನಮ್ಮ ಮನೆಯ ತಾರಸಿಯ ಮೇಲೆ ನಿಂತು, ಒಡಹುಟ್ಟಿದ ಅಕ್ಕನಿಗೆ ಒಂದು ಸುಳ್ಳು ಹೇಳಿದೆ.

ಅಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಭಾವ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದಾಳೆ. ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು ಅವಳ ಕೆಲಸ. ಮದುವೆಗಳ ಕಾಲ ಬಂತೆಂದರೆ ತಿಲಕ್ ನಗರದಿಂದ ಹಿಡಿದು ಗಿರಿನಗರದವರೆಗಿನ ಹೆಂಗಸರು ಚೀಲ ಹಿಡಿದುಕೊಂಡು ಬಾಗಿಲಿಗೆ ಬರುತ್ತಿದ್ದರು. ಊಟಕ್ಕೆ ಕರೆದರೂ ಈ ಮಹಾರಾಯಿತಿ ಏಳುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಒಂದು ಸಂಜೆ, ಏಳೂವರೆಯ ಹೊತ್ತಿಗೆ ಕರೆಂಟು ಹೋಯಿತು. ಸೆಕೆ ತಡೆಯಲಾರದೆ ಇಬ್ಬರೂ ತಾರಸಿಗೆ ಹೋದೆವು. ಬೀದಿಗೆ ಬೀದಿಯೇ ಕತ್ತಲೆಯಾಗಿದ್ದರಿಂದ ಈಶಾನ್ಯದಲ್ಲಿ ಸಪ್ತರ್ಷಿ ಮಂಡಲ ನಿಚ್ಚಳವಾಗಿ ಕಾಣುತ್ತಿತ್ತು. ಬಾಲದ ತುದಿಯಿಂದ ಎರಡನೆಯದು ವಸಿಷ್ಠ, ಅವನಿಗೆ ಅಂಟಿಕೊಂಡಂತೆ ಇರುವ ಸಣ್ಣದು ಅರುಂಧತಿ. ಮದುವೆಯಲ್ಲಿ ಪುರೋಹಿತರು ಮಟಮಟ ಮಧ್ಯಾಹ್ನ ಗಂಡು ಹೆಣ್ಣನ್ನು ಛತ್ರದ ಹೊರಗೆ ಕರೆತಂದು ಆಕಾಶಕ್ಕೆ ಬೆರಳು ತೋರಿಸುತ್ತಾರಲ್ಲ, ಅದೇ ಅರುಂಧತಿ. ದುರ್ಬೀನಿನಲ್ಲಿ ನೋಡಿದರೆ ವಸಿಷ್ಠನೇ ಎರಡು ನಕ್ಷತ್ರ. ದೂರ ಎಂಬತ್ತು ಚಿಲ್ಲರೆ ಜ್ಯೋತಿರ್ವರ್ಷ, ನಕ್ಷತ್ರಗಳ ಲೆಕ್ಕದಲ್ಲಿ ಪಕ್ಕದ ಬೀದಿ. ಬರಿಗಣ್ಣಿಗೆ ಅರುಂಧತಿ ಬೇರೆಯಾಗಿ ಕಂಡರೆ ದೃಷ್ಟಿ ಚೆನ್ನಾಗಿದೆ ಎಂದರ್ಥ ಎಂದು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತಿದ್ದೆ.

ನಮ್ಮಜ್ಜಿ ಹೇಳುತ್ತಿದ್ದುದೇ ಬೇರೆ. ಅರುಂಧತಿ ಕಾಣದವರಿಗೆ ಇನ್ನು ಆರೇ ತಿಂಗಳು ಆಯಸ್ಸು ಎನ್ನುತ್ತಿದ್ದಳು. ನಾನು ನಕ್ಕು ಮರೆತಿದ್ದೆ. ಅಕ್ಕ ಮರೆತಿರಲಿಲ್ಲ.

"ವಸಿಷ್ಠ ಕಾಣ್ತಾನೆ. ಪಕ್ಕದಲ್ಲಿ ಏನೂ ಇಲ್ವಲ್ಲೇ," ಎಂದಳು.

"ಸರಿಯಾಗಿ ನೋಡಕ್ಕ."

"ನೋಡ್ತಾನೇ ಇದೀನಿ. ಅಯ್ಯೋ, ಆರು ತಿಂಗಳು ಅಂತ ಅಜ್ಜಿ ಹೇಳ್ತಿರ್ಲಿಲ್ವಾ? ಮುಗೀತು ಕಣೇ ನನ್ ಕಥೆ." ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ನಿಂಗೆ ಕಾಣ್ತಿದ್ಯಾ? ನಿಜ ಹೇಳು."

ನನಗೆ ಕಾಣುತ್ತಿತ್ತು.

"ನಂಗೂ ಕಾಣ್ತಿಲ್ಲ ಕಣಕ್ಕ. ಈ ಬೆಂಗಳೂರಿನ ಹೊಗೆ, ಧೂಳಲ್ಲಿ ಯಾರಿಗೆ ಕಾಣುತ್ತೆ?"

"ನಿಜವಾಗ್ಲೂ?"

"ನಿನ್ನಾಣೆ."

ಅವಳು ನನ್ನ ಮುಂಗೈ ಬಿಟ್ಟಳು. "ಆದ್ರೂ ಒಂದ್ಸಲ ಕಣ್ಣಿನ ಡಾಕ್ಟರ್‌ಗೆ ತೋರಿಸ್ಲಾ?"

"ದಿನಾ ಸೂಜಿಗೆ ದಾರ ಪೋಣಿಸ್ತೀಯ. ಏನ್ ರೋಗ ಬಂದಿದೆ ನಿನ್ ಕಣ್ಣಿಗೆ?" ಎಂದು ರೇಗಿದೆ.

ಅಕ್ಕ ಸಮಾಧಾನದಿಂದ ನಕ್ಕಳು. "ಹಾಗಾದ್ರೆ ಸತ್ರೆ ಇಬ್ರೂ ಒಟ್ಟಿಗೇ ಹೋಗೋಣ ಬಿಡು."

ಪ್ರೀತಿಯಿಂದ ಹೇಳಿದ ಸುಳ್ಳು ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಅರ್ಧ ಪ್ರೀತಿ, ಅರ್ಧ ಬೇಸರ. ಸೊಳ್ಳೆ ಕಚ್ಚುತ್ತಿತ್ತು. ಅಜ್ಜಿಯ ಮಾತಿಗೆ ಇವಳು ವಾರಗಟ್ಟಲೆ ಗೋಳಾಡುವುದನ್ನು ಕೇಳುವ ತಾಳ್ಮೆ ನನಗಿರಲಿಲ್ಲ. ಮೂಢನಂಬಿಕೆ ಓಡಿಸುವ ಭರದಲ್ಲಿ ಕಣ್ಣಿನ ವಿಷಯವನ್ನೇ ಮರೆತೆ, ವಿಜ್ಞಾನದ ಮೇಡಂ!

ಆರು ತಿಂಗಳು ಕಳೆಯಿತು, ಅಕ್ಕ ಸಾಯಲಿಲ್ಲ. ಅವತ್ತು ಪಾಯಸ ಮಾಡಿದಳು. ಆದರೆ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವುದು, ಪಕ್ಕದಲ್ಲಿಟ್ಟ ಕಾಫಿ ಲೋಟ ಉರುಳಿಸುವುದು ಶುರುವಾಯಿತು. "ನೋಡ್ಕೊಂಡು ಓಡಾಡಕ್ಕಾಗಲ್ವಾ?" ಎಂದು ಬೈದೆ, ಒಂದು ಸಲವಲ್ಲ, ಹತ್ತಾರು ಸಲ. ಕೊನೆಗೆ ರಸ್ತೆ ದಾಟುವಾಗ ಪಕ್ಕದಿಂದ ಬಂದ ಸ್ಕೂಟರ್ ಅವಳಿಗೆ ಕಾಣಲೇ ಇಲ್ಲ. ಮಂಡಿ ತರಚಿ ಹೋಯಿತು. ಆಗ ಕಣ್ಣು ತೋರಿಸಿದೆವು.

"ಗ್ಲಾಕೋಮಾ ಆಂಟಿ. ಕಣ್ಣಿನ ನರ ಒಣಗ್ತಾ ಬಂದಿದೆ, ಹೋಗಿರೋ ದೃಷ್ಟಿ ವಾಪಸ್ ಬರಲ್ಲ," ಎಂದಳು ಚಿಕ್ಕ ವಯಸ್ಸಿನ ಡಾಕ್ಟರು. "ಎರಡು ವರ್ಷ ಮುಂಚೆ ಬಂದಿದ್ರೆ ಡ್ರಾಪ್ಸ್ ಹಾಕೇ ಉಳಿಸ್ಕೋಬಹುದಿತ್ತೇನೋ." ನಂತರ ನನ್ನ ಕಡೆ ತಿರುಗಿ, "ಒಡಹುಟ್ಟಿದವರಿಗೂ ಬರಬಹುದು. ನೀವೂ ಟೆಸ್ಟ್ ಮಾಡಿಸ್ಕೊಳಿ," ಎಂದಳು.

ಔಷಧಿ, ಆಪರೇಷನ್ ಎಲ್ಲ ಆಯಿತು. ವರ್ಷದೊಳಗೆ ಉಳಿದಿದ್ದ ದೃಷ್ಟಿಯೂ ಹೋಯಿತು. ಅಕ್ಕ ತನಗಾಗಿ ಅತ್ತದ್ದು ಕಡಿಮೆ. ಬೆಳಗಾದರೆ ನನ್ನ ಬೆನ್ನು ಹತ್ತುತ್ತಿದ್ದಳು. "ನಿಂಗೂ ಅವತ್ತು ಕಾಣ್ಲಿಲ್ಲ. ನಂದೇ ಕಾಯಿಲೆ ನಿಂಗೂ ಇದೆ. ಹೋಗಿ ತೋರಿಸ್ಕೊಳೇ, ನಿನ್ನ ದಮ್ಮಯ್ಯ." ಇಂದು ನಾಳೆ ಎಂದು ತಪ್ಪಿಸಿಕೊಂಡೆ. ಅವಳು ಬನಶಂಕರಿ ಅಮ್ಮನಿಗೆ ಹರಕೆ ಹೊತ್ತಳು. ಮಂಗಳವಾರದ ರಾಹುಕಾಲದಲ್ಲಿ ನಾನೇ ಕೈಹಿಡಿದು ಗುಡಿಗೆ ಕರೆದೊಯ್ಯಬೇಕು, ಅವಳು ತಡಕಾಡುತ್ತಾ ನನ್ನ ಕಣ್ಣಿಗಾಗಿ ನಿಂಬೆಹಣ್ಣಿನ ದೀಪ ಹಚ್ಚಬೇಕು. ಮೂರನೆಯ ವಾರ ಬೆರಳು ಸುಟ್ಟುಕೊಂಡಳು. ಇನ್ನು ನನ್ನಿಂದಾಗಲಿಲ್ಲ. ಪರೀಕ್ಷೆಗೆ ಹೋದೆ.

ನನ್ನ ಕಣ್ಣಿಗೆ ಏನೂ ಆಗಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಕ್ಕ ಸುದ್ದಿ ಕೇಳಿ ಎರಡೂ ಕೈ ಎತ್ತಿ ಮುಗಿದಳು, "ತಾಯಿ ಕಾಪಾಡಿದ್ಳು" ಎಂದಳು. ಆಟೋದಲ್ಲಿ ಕೂತೆವು. ಎರಡು ಸಿಗ್ನಲ್ ದಾಟಿದೆವು.

"ಹಾಗಾದ್ರೆ ಅವತ್ತು ನಿಂಗೆ ಕಾಣ್ತಿತ್ತು," ಎಂದಳು.

"ಹ್ಞೂಂ," ಎಂದೆ. "ನೀನು ತುಂಬಾ ಹೆದರಿದ್ದೆ ಅಕ್ಕ, ಅದಕ್ಕೇ…"

"ಹೆದರಕ್ಕೆ ಬಿಡ್ಬೇಕಿತ್ತು ಕಣೇ. ಹೆದರಿದ್ರೆ ಡಾಕ್ಟರ್ ಹತ್ರ ಓಡ್ತಿದ್ದೆ."

ಆಮೇಲೆ ಜಗಳವೇನೂ ಆಗಲಿಲ್ಲ. ಉಣ್ಣುತ್ತಾಳೆ, ರೇಡಿಯೋ ಕೇಳುತ್ತಾಳೆ, ನನ್ನ ಸಾರಿಗೆ ಉಪ್ಪು ಕಡಿಮೆ ಎನ್ನುತ್ತಾಳೆ. ಗಂಟು ಹಾಕುವುದು ಬೆರಳಿಗೆ ಗೊತ್ತಿರುವುದರಿಂದ ಹಳೆಯ ಗಿರಾಕಿಗಳಿಗೆ ಈಗಲೂ ಕುಚ್ಚು ಕಟ್ಟಿಕೊಡುತ್ತಾಳೆ. ದಾರದ ಬಣ್ಣ ಮಾತ್ರ ಯಾರಾದರೂ ಹೇಳಬೇಕು.

ಹೋದ ವಾರ ಒಂದು ಲಡಿ ದಾರವನ್ನು ನನ್ನ ಕಡೆ ಚಾಚಿ, "ಇದು ಯಾವ ಬಣ್ಣ?" ಎಂದಳು.

"ಕುಂಕುಮದ ಕೆಂಪು," ಎಂದೆ. ಅದು ಕುಂಕುಮದ ಕೆಂಪೇ.

ತಲೆಯಾಡಿಸಿ ದಾರವನ್ನು ಮಡಿಲಲ್ಲಿಟ್ಟುಕೊಂಡಳು. ಸೂಜಿ ತೆಗೆದುಕೊಳ್ಳಲಿಲ್ಲ. ಪಾತ್ರೆ ತೊಳೆಯುವ ಹೆಂಗಸು ಕೆಲಸ ಮುಗಿಸಿ, ಸೆರಗಿಗೆ ಕೈ ಒರೆಸುತ್ತಾ ಹಜಾರಕ್ಕೆ ಬಂದಳು. ಅಕ್ಕ ಅದೇ ದಾರವನ್ನು ಅವಳ ಕಡೆ ಚಾಚಿದಳು.

"ಇದು ಯಾವ ಬಣ್ಣ, ಸ್ವಲ್ಪ ನೋಡಿ ಹೇಳಮ್ಮ."