ತೊಡೆಯ ಮೇಲಿನ ಕೂಸು

ಮೊನ್ನೆ ಗೋಕಾಕದಲ್ಲಿ ಮೂಡಲಗಿ ಬಸ್ಸು ಹತ್ತಿ, ಕಿಟಕಿಗೆ ಕೂತ ಅಜ್ಜಿಯೊಬ್ಬಳ ಪಕ್ಕ ಹೇಗೋ ಸೀಟು ಹಿಡಿದಿದ್ದೆ. ನಿಂತಿದ್ದ ಹೆಂಗಸೊಬ್ಬಳು, "ಒಂದೀಟು ಹಿಡ್ಕೋರಿ ಯಕ್ಕಾ," ಎಂದು ಕೊಬ್ಬರಿ ಎಣ್ಣೆ ಘಮಘಮಿಸುವ ಕೂಸನ್ನು ನನ್ನ ತೊಡೆಯ ಮೇಲಿಟ್ಟು ಗದ್ದಲದಲ್ಲಿ ಹಿಂದಕ್ಕೆ ಸರಿದುಬಿಟ್ಟಳು.

ನಮ್ಮ ಕಡೆ ಇದೇನು ಹೊಸದಲ್ಲ. ಬಸ್ಸಿನಲ್ಲಿ ಕೂತವರ ತೊಡೆ ನಿಂತವರ ಸಾಮಾನಿಗೆ. ನಾನು ಕಾಲೇಜಿಗೆ ಓಡಾಡುತ್ತಿದ್ದಾಗ ಬೆಣ್ಣೆಯ ಗಡಿಗೆ, ಕಾಲು ಕಟ್ಟಿದ ಕೋಳಿ ಎಲ್ಲವೂ ನನ್ನ ತೊಡೆಯ ಮೇಲೆ ಕೂತೇ ಊರು ಸೇರಿವೆ. ಒಮ್ಮೆ ಹುಕ್ಕೇರಿಯಿಂದ ಬರುವಾಗ ಯಾರದೋ ಮದುಮಗನ ಬಾಸಿಂಗವೂ. ಆದರೂ ಮೊನ್ನೆ ನಾನು ಹೆದರಿದೆ. ಕಾರಣ ಹೇಳುತ್ತೇನೆ, ನಗಬೇಡಿ.

ಜರ್ಮನಿಯ ವೃದ್ಧಾಶ್ರಮವೊಂದರಲ್ಲಿ ಕೆಲವು ವರ್ಷ ನರ್ಸ್ ಆಗಿದ್ದೆ. ಹೋದ ಹೊಸತು. ಬೆಳಗಿನ ಟ್ರಾಮು ಕಿಕ್ಕಿರಿದಿತ್ತು, ಬ್ಯಾಗು ಭಾರ. ಮುಂದೆ ಕೂತಿದ್ದ ಮುದುಕಿಯನ್ನು ನೋಡಿ ನಕ್ಕು, ಬ್ಯಾಗನ್ನು ಆಕೆಯ ತೊಡೆಯ ಮೇಲಿಟ್ಟೆ. ಅಯ್ಯಯ್ಯೋ, ಆಕೆ ಚೀರಿದ ರೀತಿ! ಎರಡೂ ಕೈ ಮೇಲೆತ್ತಿ ಕೂತುಬಿಟ್ಟಳು. ಇಡೀ ಟ್ರಾಮು ನನ್ನತ್ತ ತಿರುಗಿತು. ಯಾರೋ ಗದರಿಸಿ ಏನೋ ಕೇಳಿದರು. ಆ ಭಾಷೆಯಲ್ಲಿ ನನಗೆ ಬರುತ್ತಿದ್ದದ್ದು ಮಾತ್ರೆ ನುಂಗಿಸುವ, ಮಗ್ಗಲು ಬದಲಿಸುವ ಮಾತುಗಳಷ್ಟೇ. ಬ್ಯಾಗು ಕಸಿದುಕೊಂಡು ಮುಂದಿನ ಸ್ಟಾಪಿನಲ್ಲೇ ಇಳಿದೆ.

ದೂರು ಹೋದರೆ? ವೀಸಾ ರದ್ದಾದರೆ? ಎಷ್ಟೋ ದಿನ ಫೋನು ರಿಂಗಾದರೆ ಎತ್ತಲು ಹೆದರುತ್ತಿದ್ದೆ. ಅವ್ವನಿಗೆ ಹೇಳಿದರೆ, "ಚೀಲ ಹಿಡಿಯಾಕ ಏನ್ ಧಾಡಿ ಆಕಿಗೆ?" ಎಂದಳು. ಸಿಟ್ಟು ನನಗೂ ಬಂದಿತ್ತು. ನಾನೇನು ಹಾವು ಇಟ್ಟಿದ್ದೆನೇ? ಯಾವ ದೂರೂ ಬರಲಿಲ್ಲ. ಆದರೆ ಅಲ್ಲಿರುವ ತನಕ ಬ್ಯಾಗನ್ನು ಎದೆಗೆ ಅವುಚಿಕೊಂಡೇ ನಿಂತೆ, ಯಾರ ಮೈಗೂ ತಾಗದ ಹಾಗೆ.

ಮೊನ್ನೆಯೂ ಬ್ಯಾಗು ಎದೆಗೇ ಇತ್ತು, ಕೂಸು ಅದರ ಮುಂದೆ. ನಡುವಿನ ಹಳ್ಳಿಯಲ್ಲಿ ಅರ್ಧ ಬಸ್ಸು ಖಾಲಿಯಾಯಿತು. ತಿರುಗಿ ನೋಡಿದೆ. ನಿಂತವರಲ್ಲಿ ಕೂಸಿನ ತಾಯಿ ಕಾಣಲಿಲ್ಲ. ಬಸ್ಸು ಹೊರಟೇಬಿಟ್ಟಿತು. ಬಿಟ್ಟು ಹೋದಳೇ? ಪೊಲೀಸರು ಕೇಳಿದರೆ ಏನು ಹೇಳಲಿ, ಹಿಡ್ಕೋರಿ ಅಂದಳು, ಹಿಡಿದೆ ಎಂದೇ? ತಡೆಯಲಾಗದೆ ಕೂಗಿಯೇಬಿಟ್ಟೆ.

"ಈ ಕೂಸು ಯಾರದ್ರೀ? ಬಸ್ ನಿಲ್ಲಸ್ರೀ!"

ಡ್ರೈವರ್ ಬ್ರೇಕ್ ಹಾಕಿದ. ಇಡೀ ಬಸ್ಸು ನನ್ನತ್ತ ತಿರುಗಿತು. ಕೊನೆಯ ಸೀಟಿನಿಂದ ಆ ಹೆಂಗಸು ಗಾಬರಿಯಾಗಿ ಎದ್ದಳು.

"ನಂದ ಐತ್ರಿ ಯಕ್ಕಾ. ಹಿಂದ ಸೀಟ್ ಸಿಕ್ತು. ಅದು ಮಲಗಿತ್ತಲ್ರಿ, ಅದಕ್ಕ ಸುಮ್ನ ಬಿಟ್ಟೆ. ತಪ್ಪಾತೇನ್ರಿ?"

ಆ ಮುಖ ನನಗೆ ಗೊತ್ತಿತ್ತು. ಟ್ರಾಮಿನಿಂದ ಇಳಿದ ದಿನ ಆಶ್ರಮದ ಕನ್ನಡಿಯಲ್ಲಿ ಅದನ್ನೇ ನೋಡಿದ್ದೆ. ಈ ಸಲ ಚೀರಿದವಳು ನಾನು. ನಾಚಿಕೆಯಾಯಿತು.

ಕಿಟಕಿಯ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾವೂರವ್ವಾ ನಿಂದು? ಈ ಕಡೇದಾಕಿ ಅಲ್ಲ ಬಿಡು."

"ಇಲ್ಲೇರಿ, ಮೂಡಲಗಿ," ಎಂದೆ. ಸುಳ್ಳು ಹೇಳಿದ ಹಾಗಾಯಿತು.

ಗದ್ದಲಕ್ಕೆ ಕೂಸು ಎಚ್ಚರವಾಗಿ ಅಳತೊಡಗಿತು. ಓಡಿಬಂದ ತಾಯಿ ಕೈ ಚಾಚಿದಳು. "ಇರ್ಲಿ ಬಿಡವಾ, ನೀ ಹೋಗಿ ಕುಂದ್ರು. ನಾ ಆಡಸ್ತೇನಿ," ಎಂದೆ. ಎತ್ತಿಕೊಳ್ಳಲು ಬ್ಯಾಗು ಅಡ್ಡ ಬರುತ್ತಿತ್ತು. ಕೊರಳಿಂದ ತೆಗೆದು, ಒಂದು ಮಾತೂ ಕೇಳದೆ ಅಜ್ಜಿಯ ತೊಡೆಯ ಮೇಲಿಟ್ಟೆ. ಇಟ್ಟು ಆಕೆಯ ಕೈಗಳನ್ನೇ ನೋಡುತ್ತ ಕೂತೆ.

ಅಜ್ಜಿ ಅದನ್ನು ನೆಟ್ಟಗೆ ಮಾಡಿ, ಮೇಲೆ ಕೈಯಿಟ್ಟುಕೊಂಡು, ಮತ್ತೆ ಕಿಟಕಿಯಾಚೆ ನೋಡತೊಡಗಿದಳು.